ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡು: ಕೊಳ್ಳುವ ಮುನ್ನ ತಿಳಿಯಬೇಕಾದುದು

ಶಾಲೆ ಬಿಟ್ಟ ಮೇಲೆ ನಮ್ಮನ್ನು ತಡೆದು ನಿಲ್ಲಿಸಿ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ವ್ಯಾಕರಣದವು ಕಡಿಮೆ, ಕಂಪ್ಯೂಟರಿನವು ಹೆಚ್ಚು. ಅವುಗಳಲ್ಲಿಯೂ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಸರ್, ಮನೆಯ ಕಂಪ್ಯೂಟರಿನಲ್ಲಿ ಆಟಗಳು ತಡವರಿಸುತ್ತವೆ. ಒಂದು ಗ್ರಾಫಿಕ್ಸ್ ಕಾರ್ಡು ಹಾಕಿಸಿದರೆ ಸರಿಹೋದೀತೆ?"

ಎರಡು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬನು ಇದೇ ಪ್ರಶ್ನೆಯನ್ನು ಕೇಳಿದಾಗ, ಆ ಯಂತ್ರವನ್ನು ಕಣ್ಣಿನಿಂದಲೂ ಕಾಣದೆ ನಾವು "ಧಾರಾಳವಾಗಿ ಹಾಕಿಸು" ಎಂದುಬಿಟ್ಟೆವು. ಅವನ ಅಣ್ಣನು ಹೋಟೆಲಿನಲ್ಲಿ ದುಡಿಯುವವನು. ನಾಲ್ಕು ತಿಂಗಳ ಸಂಬಳದಲ್ಲಿ ಉಳಿಸಿದ ಹಣವನ್ನು ತಮ್ಮನ ಕೈಗಿತ್ತನು. ಇಬ್ಬರೂ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಕಾರ್ಡನ್ನು ತಂದರು. ಮನೆಯಲ್ಲಿ ಕಂಪ್ಯೂಟರಿನ ಮುಚ್ಚಳವನ್ನು ತೆಗೆದು ನೋಡಿದರೆ ಕಾರ್ಡು ಅದರೊಳಗೆ ಹಿಡಿಸಲಿಲ್ಲ. ಹಿಡಿಸಿದ್ದರೂ ಅದಕ್ಕೆ ಬೇಕಾದ ವಿದ್ಯುತ್ತಿನ ತಂತಿ ಆ ಯಂತ್ರದಲ್ಲಿರಲಿಲ್ಲ. ಅಂಗಡಿಯವರು ಬಿಚ್ಚಿದ ಮಾಲನ್ನು ಹಿಂದಕ್ಕೆ ಪಡೆಯಲೊಪ್ಪಲಿಲ್ಲ. ಕೊನೆಗೆ ಪರಿಚಯದವರೊಬ್ಬರಿಗೆ ಅರ್ಧ ಬೆಲೆಗೆ ಅದನ್ನು ಮಾರಬೇಕಾಯಿತು. ಹುಡುಗನು ನಮ್ಮನ್ನು ದೂರಲಿಲ್ಲ. ಆದರೆ ತಪ್ಪು ಅವನದಲ್ಲ, ನಮ್ಮದು. ತಿಳಿಯದುದನ್ನು ತಿಳಿದವರಂತೆ ಹೇಳಿದೆವು. ಅದರ ದಂಡವನ್ನು ಅವನ ಅಣ್ಣನು ತೆತ್ತನು. ಆ ಮೇಲೆ ನಾವು ಈ ವಿಷಯವನ್ನು ಮೊದಲಿನಿಂದ ಕಲಿತೆವು. ಕಲಿತುದನ್ನು ಇಲ್ಲಿ ಕ್ರಮವಾಗಿ ನಿಮ್ಮ ಮುಂದಿಡುತ್ತಿದ್ದೇವೆ.

ಚಿತ್ರವು ಮೂಡುವ ಬಗೆ

ಕಂಪ್ಯೂಟರಿನ ತೆರೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಚಿಕ್ಕ ಚಿಕ್ಕ ಚುಕ್ಕೆಗಳಿಂದಾದುದು. ಸಾಮಾನ್ಯ ತೆರೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600. ಆಟವು ನಯವಾಗಿ ಸಾಗಬೇಕಾದರೆ ಒಂದು ಸೆಕೆಂಡಿನಲ್ಲಿ ಇಂತಹ 60 ಚಿತ್ರಗಳು ಒಂದರ ಹಿಂದೊಂದು ಬರಬೇಕು. ಅಂದರೆ ಪ್ರತಿ ಸೆಕೆಂಡಿಗೆ 12,44,16,000 ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಒಂದು ಚಿತ್ರಕ್ಕೆ ದೊರೆಯುವ ಅವಧಿ ಸೆಕೆಂಡಿನ 60ನೆಯ ಒಂದು ಪಾಲು ಮಾತ್ರ. ಬೆಳಕು ಎಲ್ಲಿಂದ ಬೀಳುತ್ತದೆ, ನೆರಳು ಎತ್ತ ಚಾಚುತ್ತದೆ, ಗೋಡೆಯ ಹಿಂದಿನ ವಸ್ತು ಕಾಣಬೇಕೆ ಬೇಡವೆ, ಇವೆಲ್ಲವೂ ಅಷ್ಟರೊಳಗೆ ತೀರ್ಮಾನವಾಗಬೇಕು.

ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಬುದ್ಧಿವಂತ ಗುಮಾಸ್ತನಿದ್ದಂತೆ. ಎಂತಹ ತೊಡಕಿನ ಕೆಲಸವನ್ನಾದರೂ ಮಾಡಬಲ್ಲನು. ಆದರೆ ಅಂತಹ ಗುಮಾಸ್ತರು ಒಂದು ಯಂತ್ರದಲ್ಲಿ ನಾಲ್ವರೋ ಆರು ಮಂದಿಯೋ ಇರುತ್ತಾರೆ. ಚುಕ್ಕೆಗಳಿಗೆ ಬಣ್ಣ ಹಚ್ಚುವುದು ತೊಡಕಿನ ಕೆಲಸವಲ್ಲ, ಬಹಳ ಕೆಲಸ. ಅದಕ್ಕೆ ಒಬ್ಬ ಪಂಡಿತನಿಗಿಂತ ನೂರಾರು ಕೂಲಿಯಾಳುಗಳು ಮೇಲು. ಗ್ರಾಫಿಕ್ಸ್ ಕಾರ್ಡಿನ ಮೇಲಿರುವ ಚಿಪ್ಪಿನಲ್ಲಿ ಇಂತಹ ನೂರಾರು ಸಣ್ಣ ಗಣಕ ಘಟಕಗಳು ಏಕಕಾಲದಲ್ಲಿ ದುಡಿಯುತ್ತವೆ. 1993ರಲ್ಲಿ ಸ್ಥಾಪಿತವಾದ ಅಮೆರಿಕದ ಎನ್ವಿಡಿಯಾ ಸಂಸ್ಥೆಯು 1999ರಲ್ಲಿ ಜೀಫೋರ್ಸ್ 256 ಎಂಬ ಕಾರ್ಡನ್ನು ಹೊರತಂದಾಗ ಅದರ ಚಿಪ್ಪನ್ನು 'ಜಿಪಿಯು' ಎಂದು ಕರೆಯಿತು. ಆ ಹೆಸರು ಬಳಕೆಯಲ್ಲಿ ನೆಲೆನಿಂತಿತು.

ಅಗ್ಗದ ಕಂಪ್ಯೂಟರುಗಳಲ್ಲಿ ಬೇರೆ ಕಾರ್ಡು ಇರುವುದಿಲ್ಲ. ಚಿತ್ರ ಬರೆಯುವ ಒಂದು ಸಣ್ಣ ಭಾಗವು ಪ್ರೊಸೆಸರಿನೊಳಗೇ ಅಡಗಿರುತ್ತದೆ. ಅಕ್ಷರ ಬರೆಯಲು, ಚಲಚ್ಚಿತ್ರ ನೋಡಲು ಅದು ಸಾಕು. ದೊಡ್ಡ ಆಟಗಳಿಗೆ ಸಾಲದು.

ನಾವು ಆರಿಸಿಕೊಂಡ ಯಂತ್ರ

ಬರಿಯ ಮಾತಿನಿಂದ ವಿಷಯವು ಮನದಟ್ಟಾಗದು. ಆದುದರಿಂದ ಒಂದು ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕಚೇರಿಗಳು ಹೊರಹಾಕಿದ ಬ್ರಾಂಡೆಡ್ ಕಂಪ್ಯೂಟರುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗವಾಗಿ ದೊರೆಯುತ್ತವೆ. ಅಂತಹವುಗಳಲ್ಲಿ ಒಂದು ಡೆಲ್ ಆಪ್ಟಿಪ್ಲೆಕ್ಸ್ 9020. ಇದು 2013ರಲ್ಲಿ ಬಂದ ಮಾದರಿ. ಇದರಲ್ಲಿ ಇಂಟೆಲ್ ಕೋರ್ ಐ5-4570 ಎಂಬ ನಾಲ್ಕು ಕೋರುಗಳ ಪ್ರೊಸೆಸರು ಇದೆಯೆಂದಿಟ್ಟುಕೊಳ್ಳೋಣ. ಇಂತಹ ಸಂಖ್ಯೆಯನ್ನು ಓದಲು ಕಲಿಯಬೇಕು: 4570ರ ಮೊದಲ ಅಂಕವಾದ 4, ಇದು ನಾಲ್ಕನೆಯ ಪೀಳಿಗೆಯದೆಂದು ತಿಳಿಸುತ್ತದೆ. ಇದಕ್ಕೆ ಹಾಕಲು ಎನ್ವಿಡಿಯಾದ ಜಿಟಿಎಕ್ಸ್ 1650 ಎಂಬ ಕಾರ್ಡನ್ನು ಯೋಚಿಸೋಣ. ಇದು 2019ರ ಏಪ್ರಿಲಿನಲ್ಲಿ ಬಂದುದು. ಗಣಕ ಘಟಕಗಳು 896, ಸ್ವಂತ ಸ್ಮೃತಿ 4 ಗಿಗಾಬೈಟು.

ಇದನ್ನು ಕೊಳ್ಳುವ ಮುನ್ನ ಐದು ಪರೀಕ್ಷೆಗಳನ್ನು ಮಾಡತಕ್ಕದ್ದು. ಐದರಲ್ಲಿ ಒಂದಕ್ಕೂ ಹಣ ಬೇಕಿಲ್ಲ.

ಮೊದಲನೆಯ ಪರೀಕ್ಷೆ: ಕೊರತೆಯಿರುವುದು ಎಲ್ಲಿ?

ಆಟವು ತಡವರಿಸಿದ ಮಾತ್ರಕ್ಕೆ ಗ್ರಾಫಿಕ್ಸಿನದೇ ತಪ್ಪೆಂದು ಹೇಳಲಾಗದು. ವೈದ್ಯನು ನಾಡಿ ನೋಡಿ ಔಷಧ ಕೊಡುವಂತೆ ಇಲ್ಲಿಯೂ ಮೊದಲು ರೋಗವನ್ನು ಗುರುತಿಸಬೇಕು. ಅದಕ್ಕೊಂದು ಸುಲಭೋಪಾಯವಿದೆ. ಆಟದ ಸೆಟ್ಟಿಂಗಿನಲ್ಲಿ ಚಿತ್ರದ ಅಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿರಿ. ಈಗ ಚುಕ್ಕೆಗಳು 9,21,600, ಅಂದರೆ ಮೊದಲಿನ ಒಂಬತ್ತು ಪಾಲುಗಳಲ್ಲಿ ನಾಲ್ಕು ಪಾಲು ಮಾತ್ರ. ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಗಣನೀಯವಾಗಿ ಏರಿದರೆ, ಸೋತದ್ದು ಗ್ರಾಫಿಕ್ಸ್, ಕಾರ್ಡಿನಿಂದ ಪ್ರಯೋಜನವುಂಟು. ಸಂಖ್ಯೆ ಏರದೆ ಅಲ್ಲಿಯೇ ನಿಂತರೆ, ಸೋತದ್ದು ಪ್ರೊಸೆಸರು ಅಥವಾ ಮತ್ತಾವುದೋ ಭಾಗ. ಕಾರ್ಡಿಗೆ ಹಾಕಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಹಾಗೆಯೇ ರ‍್ಯಾಮನ್ನೂ ನೋಡಬೇಕು. ಕಾರ್ಡಿಲ್ಲದ ಯಂತ್ರದಲ್ಲಿ ಚಿತ್ರ ಬರೆಯುವ ಭಾಗವು ಪ್ರೊಸೆಸರಿನ ರ‍್ಯಾಮನ್ನೇ ಹಂಚಿಕೊಂಡು ಉಣ್ಣುತ್ತದೆ. ಡಿಡಿಆರ್3-1600 ಜಾತಿಯ ಒಂದು ರ‍್ಯಾಮ್ ಪಟ್ಟಿ ಸೆಕೆಂಡಿಗೆ 12.8 ಗಿಗಾಬೈಟನ್ನು ಸಾಗಿಸಬಲ್ಲುದು. ಎರಡು ಪಟ್ಟಿಗಳನ್ನು ಸರಿಯಾದ ಜೋಡಿ ಸ್ಥಾನಗಳಲ್ಲಿ ಹಾಕಿದರೆ ದಾರಿ ಇಮ್ಮಡಿಯಾಗಿ 25.6 ಆಗುತ್ತದೆ. ಜಿಟಿಎಕ್ಸ್ 1650ರ ಸ್ವಂತ ಸ್ಮೃತಿಯಾದರೋ, ಮೊದಲು ಬಂದ ಬಗೆಯಲ್ಲಿ, ಸೆಕೆಂಡಿಗೆ 128 ಗಿಗಾಬೈಟನ್ನು ಸಾಗಿಸುತ್ತದೆ. ಎಂದರೆ ಐದು ಮಡಿ, ಅದೂ ಯಾರೊಡನೆಯೂ ಹಂಚಿಕೊಳ್ಳದೆ. ಕಾರ್ಡಿನ ಬಲದ ರಹಸ್ಯದಲ್ಲಿ ಅರ್ಧ ಪಾಲು ಇಲ್ಲಿಯೇ ಇದೆ.

ನಾವು ಮೊದಲು ಹೇಳಿದ ಹುಡುಗನ ಯಂತ್ರವನ್ನು ಆ ಮೇಲೆ ತೆರೆದು ನೋಡಿದಾಗ ಅದರಲ್ಲಿ ಒಂದೇ ರ‍್ಯಾಮ್ ಪಟ್ಟಿ ಇತ್ತು. ಅದಕ್ಕೆ ಸರಿಜೋಡಿಯಾದ ಇನ್ನೊಂದು ಹಳೆಯ ಪಟ್ಟಿಯನ್ನು ಹಾಕಿದಾಗ ಅವನು ಬಯಸಿದ ಆಟವು ಸಣ್ಣ ಅಳತೆಯಲ್ಲಿ ಆಡುವಷ್ಟರ ಮಟ್ಟಿಗೆ ಸುಧಾರಿಸಿತು. ಕಾರ್ಡಿಗೆ ಕಳೆದುಕೊಂಡ ಹಣದ ಮುಂದೆ ಆ ಪಟ್ಟಿಯ ಬೆಲೆ ಏನೂ ಅಲ್ಲ. ಇದನ್ನು ಮೊದಲೇ ನೋಡಿದ್ದರೆ ಎಂದು ನಮಗೆ ಅಂದು ಅನಿಸದೆ ಇರಲಿಲ್ಲ.

ಎರಡನೆಯ ಪರೀಕ್ಷೆ: ಸ್ಥಳ

ಹೊರಗಿನಿಂದ ಒಂದೇ ಹೆಸರಿನ ಕಂಪ್ಯೂಟರುಗಳು ಒಳಗೆ ಬೇರೆ ಬೇರೆ ಅಳತೆಯವಾಗಿರುತ್ತವೆ. ಆಪ್ಟಿಪ್ಲೆಕ್ಸ್ 9020ರಲ್ಲಿಯೇ ನಿಂತಿರುವ ಗೋಪುರದಂತಹ ಮಿನಿ ಟವರ್ ಎಂಬುದೊಂದು, ತೆಳ್ಳನೆಯ ಸಣ್ಣ ಕ್ಯಾಬಿನೆಟ್ಟಿನದೊಂದು, ಅಂಗೈಯಗಲದ ಮೈಕ್ರೋ ಎಂಬುದೊಂದು ಉಂಟು. ಮೈಕ್ರೋದಲ್ಲಿ ಇಂತಹ ಕಾರ್ಡಿಗೆ ಸ್ಥಳವೇ ಇಲ್ಲ. ಸಾಮಾನ್ಯ ಕಾರ್ಡಿನ ಹಿಂಬದಿಯ ಲೋಹದ ಪಟ್ಟಿಯ ಎತ್ತರ 12 ಸೆಂಟಿಮೀಟರು. ತೆಳ್ಳನೆಯ ಕ್ಯಾಬಿನೆಟ್ಟಿಗೆ ಸುಮಾರು 8 ಸೆಂಟಿಮೀಟರಿನ ಪಟ್ಟಿಯುಳ್ಳ, 'ಲೋ ಪ್ರೊಫೈಲ್' ಎಂಬ ಕುಳ್ಳು ಕಾರ್ಡೇ ಬೇಕು. ಜಿಟಿಎಕ್ಸ್ 1650ರಲ್ಲಿ ಕುಳ್ಳು ಬಗೆಯವೂ ಇವೆ, ಎತ್ತರದವೂ ಇವೆ. ಹೆಸರು ಒಂದೇ ಎಂದು ಮೋಸಹೋಗಬಾರದು.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಅಳತೆಪಟ್ಟಿಯನ್ನು ಹಿಡಿದು ಮೂರು ಅಳತೆಗಳನ್ನು ಬರೆದುಕೊಳ್ಳಿರಿ: ಹಿಂಬದಿಯ ಕಿಂಡಿಯ ಎತ್ತರ, ಕಿಂಡಿಯಿಂದ ಮುಂದಿನ ತಡೆಯವರೆಗಿನ ಉದ್ದ, ಪಕ್ಕದಲ್ಲಿ ಖಾಲಿಯಿರುವ ಕಿಂಡಿಗಳ ಸಂಖ್ಯೆ. ಬಹಳಷ್ಟು ಕಾರ್ಡುಗಳು ದಪ್ಪದಲ್ಲಿ ಎರಡು ಕಿಂಡಿಗಳ ಜಾಗವನ್ನು ಆಕ್ರಮಿಸುತ್ತವೆ. ಒಂದೇ ಫ್ಯಾನಿನ ಗಿಡ್ಡ ಕಾರ್ಡುಗಳು 15ರಿಂದ 18 ಸೆಂಟಿಮೀಟರು ಉದ್ದವಿರುತ್ತವೆ. ಎರಡು, ಮೂರು ಫ್ಯಾನುಗಳವು ಅದಕ್ಕಿಂತ ಬಹಳ ಉದ್ದ.

ಮೂರನೆಯ ಪರೀಕ್ಷೆ: ವಿದ್ಯುತ್ತು

ಬಹುಮಂದಿ ಎಡವುವುದು ಇಲ್ಲಿ. ಕಂಪ್ಯೂಟರಿಗೆ ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಗೆ ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಅದರ ಮೈಮೇಲಿನ ಚೀಟಿಯಲ್ಲಿ ಅದು ಎಷ್ಟು ವ್ಯಾಟ್ ಕೊಡಬಲ್ಲುದೆಂದು ಬರೆದಿರುತ್ತದೆ. 9020ರ ಮಿನಿ ಟವರಿನಲ್ಲಿ 290 ವ್ಯಾಟ್, ತೆಳ್ಳನೆಯದರಲ್ಲಿ 255 ವ್ಯಾಟ್.

ಈಗ ಮನೆಯ ಜಮಾಖರ್ಚು ಬರೆಯುವಂತೆ ಲೆಕ್ಕ ಹಾಕೋಣ. ಐ5-4570 ಪ್ರೊಸೆಸರಿಗೆ 84 ವ್ಯಾಟ್. ಜಿಟಿಎಕ್ಸ್ 1650ಕ್ಕೆ 75 ವ್ಯಾಟ್. ಮದರ್‌ಬೋರ್ಡು, ರ‍್ಯಾಮ್, ಡಿಸ್ಕು, ಫ್ಯಾನುಗಳಿಗೆಲ್ಲ ಸೇರಿ ಸುಮಾರು 50 ವ್ಯಾಟ್ ಎಂದು ಹಿಡಿಯೋಣ. ಒಟ್ಟು 209. ಇದು 290ರಲ್ಲಿ ಶೇಕಡ 72ರಷ್ಟಾಯಿತು. ಹಳೆಯ ಪೆಟ್ಟಿಗೆಯ ಮೇಲೆ ಶೇಕಡ 80ಕ್ಕಿಂತ ಹೆಚ್ಚು ಹೊರೆ ಹೊರಿಸದಿರುವುದು ಲೇಸು. ಆದುದರಿಂದ ಈ ಕಾರ್ಡು ಇಲ್ಲಿ ಸಲ್ಲುತ್ತದೆ. ಇದರ ಬದಲಿಗೆ 132 ವ್ಯಾಟ್ ಬೇಡುವ ರೇಡಿಯಾನ್ ಆರ್‌ಎಕ್ಸ್ 6600 ಎಂಬ ಹೆಚ್ಚು ಬಲದ ಕಾರ್ಡನ್ನು ಹಾಕಿದರೆ ಒಟ್ಟು 266 ಆಗಿ ಶೇಕಡ 92ನ್ನು ಮುಟ್ಟುತ್ತದೆ. ಕಾಗದದ ಮೇಲೆ ಲೆಕ್ಕ ಸರಿಯಾದಂತೆ ಕಂಡರೂ ಅಂತಹ ಸಂಸಾರ ಬಾಳುವುದಿಲ್ಲ.

ಒಟ್ಟು ಸಾಕಾದರೆ ಸಾಲದು, ಅದು ಕಾರ್ಡನ್ನು ತಲಪುವ ದಾರಿಯೂ ಇರಬೇಕು. ಕಾರ್ಡು ಕೂರುವ ದೊಡ್ಡ ಸ್ಲಾಟು ತಾನಾಗಿ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಕೆಲವು ಸಣ್ಣ ಯಂತ್ರಗಳಲ್ಲಿ ತಯಾರಕರು ಇದಕ್ಕಿಂತಲೂ ಕಡಿಮೆಯ ಮಿತಿಯನ್ನು ಹಾಕಿರುವುದುಂಟು. ಅವರ ಕೈಪಿಡಿಯನ್ನು ನೋಡಬೇಕು. ಹೆಚ್ಚು ಬೇಕಾದ ಕಾರ್ಡಿಗೆ ಎಸ್.ಎಂ.ಪಿ.ಎಸ್.ನಿಂದಲೇ ಬೇರೆ ತಂತಿ ಬರಬೇಕು: 6 ಪಿನ್ನಿನದು 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಒಯ್ಯುತ್ತದೆ. ಕಚೇರಿಯ ಅಗ್ಗದ ಕಂಪ್ಯೂಟರುಗಳಲ್ಲಿ ಈ ತಂತಿಗಳು ಸಾಮಾನ್ಯವಾಗಿ ಇರುವುದಿಲ್ಲ. ಜಿಟಿಎಕ್ಸ್ 1650ರಲ್ಲಿಯೂ ಕೆಲವು ತಯಾರಕರು 6 ಪಿನ್ನಿನ ಬಾಯನ್ನು ಇಟ್ಟಿದ್ದಾರೆ. ಅಂತಹುದನ್ನು ಬಿಟ್ಟು ಬಾಯಿಲ್ಲದ ಕಾರ್ಡನ್ನೇ ಆರಿಸಬೇಕು.

"ಡಿಸ್ಕಿನ ತಂತಿಗೆ ಒಂದು ಅಡಾಪ್ಟರ್ ಸಿಕ್ಕಿಸಿದರಾಯಿತು" ಎಂದು ಹೇಳುವವರಿದ್ದಾರೆ. ಒಂದು ಸಾಟಾ ತಂತಿಯ ಬಾಯಿ 12 ವೋಲ್ಟಿನಲ್ಲಿ 4.5 ಆಂಪಿಯರು, ಅಂದರೆ 54 ವ್ಯಾಟ್ ಮಾತ್ರ ತಾಳಬಲ್ಲುದು. ಅದರಿಂದ 75 ವ್ಯಾಟನ್ನೋ 150 ವ್ಯಾಟನ್ನೋ ಎಳೆದರೆ ಬಾಯಿ ಕಾದು ಕರಗೀತು, ಬೆಂಕಿಯೂ ಹತ್ತೀತು. ಒಂದು ಕೋಣೆಯಲ್ಲಿ ಐದಾರು ಮಂದಿ ಮಲಗುವ ಮನೆಗಳಲ್ಲಿ ಇಂತಹ ಸಾಹಸವು ಸಲ್ಲದು.

ಹಾಗಾದರೆ ಎಸ್.ಎಂ.ಪಿ.ಎಸ್.ನ್ನೇ ಬದಲಾಯಿಸಬಾರದೇಕೆ? ಬಿಡಿಭಾಗಗಳಿಂದ ಜೋಡಿಸಿದ ಕಂಪ್ಯೂಟರಿನಲ್ಲಿ ಅದು ಸುಲಭ. ಬ್ರಾಂಡೆಡ್ ಯಂತ್ರಗಳಲ್ಲಿ ತೊಡಕುಂಟು. ಸಾಮಾನ್ಯ ಮದರ್‌ಬೋರ್ಡಿಗೆ ಬರುವ ಮುಖ್ಯ ತಂತಿಯಲ್ಲಿ 24 ಪಿನ್ನುಗಳಿರುತ್ತವೆ. 9020ರಲ್ಲಿ ಇರುವುದು 8 ಪಿನ್ನುಗಳ ಬೇರೆಯೇ ಬಗೆ. ಅದಕ್ಕೆ ವಿಶೇಷ ಅಡಾಪ್ಟರು ಬೇಕು. ಹೀಗೆ ಕಾರ್ಡಿನ ಜೊತೆಗೆ ಎಸ್.ಎಂ.ಪಿ.ಎಸ್., ಅದರ ಜೊತೆಗೆ ಅಡಾಪ್ಟರು ಎಂದು ಖರ್ಚು ಬೆಳೆಯುತ್ತ ಹೋಗಿ, ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ನಾಲ್ಕನೆಯ ಪರೀಕ್ಷೆ: ಒಳದಾರಿ, ಹೊರದಾರಿ

ಕಾರ್ಡಿಗೂ ಪ್ರೊಸೆಸರಿಗೂ ನಡುವೆ ಇರುವ ದಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂದು ಹೆಸರು. ಇದರಲ್ಲಿ ಹಲವು ಓಣಿಗಳಿರುತ್ತವೆ. ಮೂರನೆಯ ಆವೃತ್ತಿಯಲ್ಲಿ ಒಂದು ಓಣಿಯು ಸೆಕೆಂಡಿಗೆ ಸುಮಾರು 1 ಗಿಗಾಬೈಟನ್ನೂ ನಾಲ್ಕನೆಯ ಆವೃತ್ತಿಯಲ್ಲಿ ಸುಮಾರು 2 ಗಿಗಾಬೈಟನ್ನೂ ಸಾಗಿಸುತ್ತದೆ. ನಮ್ಮ ಉದಾಹರಣೆಯ ಯಂತ್ರದಲ್ಲಿರುವುದು ಮೂರನೆಯ ಆವೃತ್ತಿಯ 16 ಓಣಿಗಳ ಸ್ಲಾಟು. ಹೊಸ ಆವೃತ್ತಿಯ ಕಾರ್ಡು ಹಳೆಯ ಸ್ಲಾಟಿನಲ್ಲಿ ಕೆಲಸ ಮಾಡುತ್ತದೆ, ಆದರೆ ಹಳೆಯ ವೇಗದಲ್ಲಿ. 2022ರಲ್ಲಿ ಬಂದ ಆರ್‌ಎಕ್ಸ್ 6400 ಎಂಬ 53 ವ್ಯಾಟಿನ ಕಾರ್ಡು ನಾಲ್ಕೇ ಓಣಿಗಳನ್ನು ಬಳಸುತ್ತದೆ. ಹೊಸ ಯಂತ್ರದಲ್ಲಿ ಅದಕ್ಕೆ 8 ಗಿಗಾಬೈಟಿನ ದಾರಿ. ಹಳೆಯದರಲ್ಲಿ 4 ಗಿಗಾಬೈಟಿನದು. ಕಾರ್ಡಿನ ಸ್ವಂತ ಸ್ಮೃತಿ ತುಂಬಿ ತುಳುಕಿದಾಗ ಈ ಕಿರಿದಾದ ದಾರಿಯಲ್ಲಿ ನೂಕುನುಗ್ಗಲಾಗಿ ಆಟವು ಮುಗ್ಗರಿಸುತ್ತದೆ. ಅಗ್ಗವೆಂದು ಕೊಳ್ಳುವ ಮುನ್ನ ಇದನ್ನು ಲಕ್ಷ್ಯದಲ್ಲಿಡಬೇಕು.

ಹೊರದಾರಿಯೆಂದರೆ ಮಾನಿಟರಿಗೆ ಹೋಗುವ ತಂತಿ. ಹಳೆಯ ಮಾನಿಟರುಗಳಲ್ಲಿ ನೀಲಿ ಬಣ್ಣದ ವಿಜಿಎ ಬಾಯಿ ಮಾತ್ರ ಇರುವುದುಂಟು. ಜಿಟಿಎಕ್ಸ್ 1650ರಂತಹ ಕಾರ್ಡುಗಳಲ್ಲಿ ಅದಿಲ್ಲ. ಎಚ್‌ಡಿಎಂಐ, ಡಿಸ್‌ಪ್ಲೇ ಪೋರ್ಟು ಮೊದಲಾದವು ಇರುತ್ತವೆ. ಆಗ ಸಂಕೇತವನ್ನು ಮಾರ್ಪಡಿಸುವ ಪರಿವರ್ತಕವನ್ನು ಬೇರೆ ಕೊಳ್ಳಬೇಕು. ಇನ್ನೊಂದು ಮಾತು: ಸೆಕೆಂಡಿಗೆ 60 ಚಿತ್ರಗಳನ್ನು ಮಾತ್ರ ತೋರಬಲ್ಲ ಮಾನಿಟರಿನ ಮುಂದೆ 140 ಚಿತ್ರಗಳನ್ನು ಬರೆಯುವ ದುಬಾರಿ ಕಾರ್ಡನ್ನು ಇಟ್ಟರೆ, ಮಿಕ್ಕ ಚಿತ್ರಗಳನ್ನು ನೀವು ಪೂರ್ತಿಯಾಗಿ ಕಾಣುವುದೇ ಇಲ್ಲ.

ಐದನೆಯ ಪರೀಕ್ಷೆ: ತಂತ್ರಾಂಶ

ಯಂತ್ರವು ಗಟ್ಟಿಯಾಗಿದ್ದರೂ ಅದನ್ನು ನಡೆಸುವ ತಂತ್ರಾಂಶಕ್ಕೆ ವಯಸ್ಸಾಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಆ ಸಂಸ್ಥೆಯು ಒಪ್ಪಿದ ಇಂಟೆಲ್ ಪ್ರೊಸೆಸರುಗಳು, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೆಯ ಪೀಳಿಗೆಯಿಂದ ಆರಂಭವಾಗುತ್ತವೆ. ನಮ್ಮ ನಾಲ್ಕನೆಯ ಪೀಳಿಗೆಯ ಯಂತ್ರವು ಆ ಪಟ್ಟಿಯಲ್ಲಿಲ್ಲ. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದು. ವಾಲ್ವ್ ಸಂಸ್ಥೆಯು 2018ರಲ್ಲಿ ಹೊರತಂದ ಪ್ರೋಟಾನ್ ಎಂಬ ಸಾಧನದಿಂದ ವಿಂಡೋಸಿನ ಅನೇಕ ಆಟಗಳು ಅದರಲ್ಲಿ ನಡೆಯುತ್ತವೆ. ಆದರೆ ಮೋಸಗಾರಿಕೆಯನ್ನು ತಡೆಯುವ ಕಾವಲು ತಂತ್ರಾಂಶವುಳ್ಳ ವ್ಯಾಲರಂಟ್‌ನಂತಹ ಆಟಗಳು ನಡೆಯುವುದಿಲ್ಲ. ಆದುದರಿಂದ, ಇನ್ನೂ ಕಂಪ್ಯೂಟರನ್ನು ಕೊಳ್ಳದವರು ಸ್ವಲ್ಪ ಕಾದು, ಐ5-8500ರಂತಹ ಎಂಟನೆಯ ಪೀಳಿಗೆಯ ಆರು ಕೋರುಗಳ ಯಂತ್ರವನ್ನು ಕೊಳ್ಳುವುದು ಜಾಣತನ. ಅದಕ್ಕೆ ಬೇಕಾದುದು 65 ವ್ಯಾಟ್ ಮಾತ್ರ.

ಕಾರ್ಡಿಗೂ ಈ ಮಾತು ಅನ್ವಯಿಸುತ್ತದೆ. 2016ರಲ್ಲಿ ಬಂದ ಜಿಟಿಎಕ್ಸ್ 1050 ಟಿಐ ಹಳೆಯ ಮಾರುಕಟ್ಟೆಯಲ್ಲಿ ಬಹಳವಾಗಿ ಸಿಗುತ್ತದೆ. ಆದರೆ ಹೊಸ ಆಟಗಳಿಗೆ ತಕ್ಕಂತೆ ಅದರ ಡ್ರೈವರ್ ತಂತ್ರಾಂಶವನ್ನು ತಿದ್ದುವ ಕೆಲಸವನ್ನು ಎನ್ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿತು. ಕೈಯಲ್ಲಿ ಹಣ ತುಸು ಹೆಚ್ಚಿದ್ದರೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಗಿಗಾಬೈಟಿನ ಬಗೆಯನ್ನು ನೋಡಬಹುದು. ಅದು 70 ವ್ಯಾಟಿನದು.

ಜೋಡಿಸುವ ಕ್ರಮ

ಕಂಪ್ಯೂಟರನ್ನು ನಿಲ್ಲಿಸಿ, ಗೋಡೆಯ ಪ್ಲಗ್ಗನ್ನು ಕಿತ್ತು, ಆನ್ ಮಾಡುವ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಹರಿದುಹೋಗುತ್ತದೆ. ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಕೈಯಿಂದ ಮುಟ್ಟಿದರೆ ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಇಳಿಯುತ್ತದೆ. ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ಹಿಂಬದಿಯ ಕಿಂಡಿಯ ಮುಚ್ಚಳವನ್ನು ಬಿಚ್ಚಿ, ಕಾರ್ಡನ್ನು ಅಂಚುಗಳಲ್ಲಿ ಹಿಡಿದು, ಸ್ಲಾಟಿನ ಕೊಂಡಿ 'ಟಕ್' ಎನ್ನುವವರೆಗೆ ನೇರವಾಗಿ ಒತ್ತಿರಿ, ಹಿಂಬದಿಯಲ್ಲಿ ಬಿಗಿಮಾಡಿರಿ. ಮಾನಿಟರಿನ ತಂತಿಯನ್ನು ಮೊದಲಿನ ಬಾಯಿಯಿಂದ ತೆಗೆದು ಹೊಸ ಕಾರ್ಡಿನ ಬಾಯಿಗೆ ಹಾಕಬೇಕು. ಇದನ್ನು ಮರೆತು "ಕಾರ್ಡು ಹಾಕಿದರೂ ವ್ಯತ್ಯಾಸವಿಲ್ಲ" ಎನ್ನುವವರು ಹಲವರಿದ್ದಾರೆ. ಕೊನೆಗೆ ತಯಾರಕರ ಜಾಲತಾಣದಿಂದಲೇ ಡ್ರೈವರನ್ನು ತಂದು ಹಾಕಿರಿ. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿರಿ. ಪ್ಲಗ್ಗನ್ನು ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ನಿಂತಿರುತ್ತದೆ. ಮೊದಲ ಸಲ ಜೋಡಿಸುವಾಗ ತಿಳಿದವರೊಬ್ಬರು ಬಳಿಯಲ್ಲಿರಲಿ.

ಉಪಸಂಹಾರ

ಆಟವಾಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಅದೇ ಕಾರ್ಡಿನಿಂದ ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಆಯಾಮದ ಚಿತ್ರಗಳನ್ನು ರಚಿಸಬಹುದು; ಚಲಚ್ಚಿತ್ರಗಳನ್ನು ಸಂಕಲನ ಮಾಡಬಹುದು. ನಮ್ಮ ಆ ಹುಡುಗನು ಮರುವರ್ಷ ತಾನೇ ರಜೆಯಲ್ಲಿ ದುಡಿದು, ಕುಳ್ಳು ಕಾರ್ಡೊಂದನ್ನು ಕೊಂಡನು. ಈ ಸಲ ಅಂಗಡಿಗೆ ಹೋಗುವಾಗ ಅವನ ಜೇಬಿನಲ್ಲಿ ಅಳತೆಗಳನ್ನೂ ವ್ಯಾಟುಗಳ ಲೆಕ್ಕವನ್ನೂ ಬರೆದ ಚೀಟಿಯಿತ್ತು. ಅದನ್ನು ಮೊದಲು ನಮಗೆ ತೋರಿಸಿ, "ಸರ್, ಕೂಡಿಸಿದ್ದು ಸರಿಯಾಗಿದೆಯೇ ನೋಡಿ" ಎಂದನು. ನಾವು ಎರಡು ಸಲ ಕೂಡಿಸಿ ನೋಡಿದ ಮೇಲೆಯೇ ಹೂಂ ಎಂದೆವು.

ನಿಮ್ಮ ಮನೆಗೆ ಬರುವ ಹಣವು ಯಾರ ಬೆವರಿನಿಂದ ಬರುತ್ತದೆಂಬುದನ್ನು ನೀವು ಬಲ್ಲಿರಿ. ಅದನ್ನು ಖರ್ಚು ಮಾಡುವ ಮುನ್ನ ಒಂದು ಗಂಟೆ ಅಳೆದು, ಎಣಿಸಿ, ಬರೆದುಕೊಳ್ಳುವುದು ದೊಡ್ಡ ಶ್ರಮವಲ್ಲ. ಯಾರಾದರೂ, ಅವರು ನಿಮ್ಮ ಗುರುಗಳೇ ಆಗಿರಲಿ, ಪೆಟ್ಟಿಗೆಯನ್ನು ತೆರೆದು ನೋಡದೆ "ಆದೀತು" ಎಂದರೆ ನಂಬಬೇಡಿರಿ.

ಅಭ್ಯಾಸ

1. 2560×1440 ಚುಕ್ಕೆಗಳ ತೆರೆಯಲ್ಲಿ ಸೆಕೆಂಡಿಗೆ 60 ಚಿತ್ರಗಳು ಬರಬೇಕಾದರೆ ಎಷ್ಟು ಚುಕ್ಕೆಗಳನ್ನು ಲೆಕ್ಕ ಹಾಕಬೇಕು?

2. ಪ್ರೊಸೆಸರಿಗೆ 65, ಕಾರ್ಡಿಗೆ 70, ಇತರ ಭಾಗಗಳಿಗೆ 50 ವ್ಯಾಟ್ ಬೇಕು. ಎಸ್.ಎಂ.ಪಿ.ಎಸ್. 240 ವ್ಯಾಟಿನದು. ಹೊರೆಯು ಶೇಕಡ 80ರ ಒಳಗಿದೆಯೆ?

3. ನಿಮ್ಮ ಮನೆಯ ಅಥವಾ ಗೆಳೆಯನ ಮನೆಯ ಕಂಪ್ಯೂಟರಿನ ಪ್ರೊಸೆಸರಿನ ಸಂಖ್ಯೆಯನ್ನು ಬರೆದುಕೊಂಡು, ಅದು ಎಷ್ಟನೆಯ ಪೀಳಿಗೆಯದೆಂದು ಹೇಳಿರಿ.

4. ಚಿತ್ರದ ಅಳತೆಯನ್ನು ಇಳಿಸಿದರೂ ಆಟದ ವೇಗವು ಏರಲಿಲ್ಲ. ಕಾರ್ಡು ಕೊಳ್ಳಬೇಕೆ? ಕಾರಣ ಕೊಡಿರಿ.